ಥರ್ಮೋಕೋಲ್ ರಾಕೆಟ್ ಹಾರುವುದಿಲ್ಲ

ಯಾವ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋದರೂ ಒಂದು ಮೇಜಿನ ಮೇಲೆ ರಾಕೆಟ್ ನಿಂತಿರುತ್ತದೆ. ಥರ್ಮೋಕೋಲ್ ಮೈ, ಬೆಳ್ಳಿ ಬಣ್ಣದ ಕಾಗದ, ಬುಡದಲ್ಲಿ ಮಿನುಗುವ ಕೆಂಪು ಬಲ್ಬು, ಪಕ್ಕದಲ್ಲಿ ಚಂದ್ರಯಾನದ ಚಿತ್ರ. ಹಿಂದೆ ನಿಂತ ಮಗು ಕೈಕಟ್ಟಿ ಬಾಯಿಪಾಠ ಒಪ್ಪಿಸುತ್ತದೆ. ಮಧ್ಯೆ ತಡೆದು “ಈ ರೆಕ್ಕೆ ಯಾಕಮ್ಮಾ ಇಲ್ಲಿದೆ?” ಎಂದರೆ ಪಾಠ ನಿಂತುಹೋಗುತ್ತದೆ, ಕಣ್ಣು ಅಪ್ಪನನ್ನೋ ಮೇಷ್ಟ್ರನ್ನೋ ಹುಡುಕುತ್ತದೆ. ತಪ್ಪು ಮಗುವಿನದಲ್ಲ. ಆ ಮಾದರಿಯನ್ನು ಮಾಡಿದ್ದು ಅಪ್ಪ, ಇಲ್ಲವೇ ಸ್ಟೇಷನರಿ ಅಂಗಡಿ. ಮಗುವಿನ ಪಾಲಿಗೆ ಬಂದದ್ದು ಹೊತ್ತುಕೊಂಡು ಬರುವ ಕೆಲಸ ಮಾತ್ರ.

ರಾಕೆಟ್ ಕಲಿಸಬೇಕೆಂದರೆ ಮಗು ಮಾಡಿದ್ದು ಹಾರಬೇಕು, ಬೀಳಬೇಕು, ಬಿದ್ದದ್ದು ಯಾಕೆಂದು ಮಗುವೇ ಹೇಳಬೇಕು. ಅದಕ್ಕೆ ಕಿಟ್ ಕೊಳ್ಳಬೇಕಾಗಿಲ್ಲ. ಹಳೆಯ ನೋಟ್‌ಬುಕ್ಕಿನ ಹಾಳೆ, ಸೋಡಾ ಬಾಟಲಿ, ಸೈಕಲ್ ಪಂಪು, ರಟ್ಟು, ಗೋಂದು ಸಾಕು. ಇಲ್ಲಿ ಹೇಳುವುದೆಲ್ಲ ಮನೆಯಲ್ಲಿ ಅಥವಾ ಶಾಲೆಯ ಮೈದಾನದಲ್ಲಿ ಮಾಡುವಂಥದು. ಯಾವುದರಲ್ಲೂ ಬೆಂಕಿ ಇಲ್ಲ.

ಮೂರನೇ ತರಗತಿಯ ಮಗುವಿದ್ದರೆ ಸ್ಟ್ರಾ ರಾಕೆಟ್‌ನಿಂದ ಶುರುಮಾಡಿ. ಎಳನೀರಿಗೆ ಕೊಡುವ ದಪ್ಪ ಸ್ಟ್ರಾ ಒಂದಿರಲಿ. ನಾಲ್ಕು ಬೆರಳು ಅಗಲದ, ಗೇಣುದ್ದದ ಕಾಗದವನ್ನು ಅದರ ಸುತ್ತ ಸುತ್ತಿ ಅಂಟಿಸಿ. ಸ್ಟ್ರಾ ಮೇಲೆ ಸಲೀಸಾಗಿ ಜಾರುವಷ್ಟು ಸಡಿಲವಿರಬೇಕು, ಗಾಳಿ ಸೋರುವಷ್ಟು ಅಲ್ಲ. ಒಂದು ತುದಿ ಮಡಚಿ ಟೇಪು ಹಾಕಿದರೆ ಅದು ಮೂತಿ. ಸ್ಟ್ರಾಗೆ ತೊಡಿಸಿ ಊದಿದರೆ ಹಾರುತ್ತದೆ, ಆದರೆ ಎರಡು ಮಾರು ಹೋಗುವಷ್ಟರಲ್ಲಿ ಪಲ್ಟಿ ಹೊಡೆದು ಬೀಳುತ್ತದೆ. ಅದು ಪಲ್ಟಿ ಹೊಡೆಯಲಿ, ನೀವು ಬಾಯಿ ಬಿಡಬೇಡಿ. ಆಮೇಲೆ ಬುಡದಲ್ಲಿ ಮೂರು ತ್ರಿಕೋನ ರೆಕ್ಕೆ ಅಂಟಿಸಿ ಊದಲು ಹೇಳಿ. ಈಗ ನೆಟ್ಟಗೆ ಹೋಗುತ್ತದೆ. ಮೂತಿಗೆ ಕಡಲೆಕಾಳಿನಷ್ಟು ಚಪಾತಿ ಹಿಟ್ಟು ಮೆತ್ತಿದರೆ ಇನ್ನೂ ನೆಟ್ಟಗೆ, ಇನ್ನೂ ದೂರ. ಅದೇ ರೆಕ್ಕೆಗಳನ್ನು ಕಿತ್ತು ಮೂತಿಯ ಹತ್ತಿರ ಅಂಟಿಸಿದರೆ ಮತ್ತೆ ಪಲ್ಟಿ. ಯಾರ ಮುಖದ ಕಡೆಗೂ ಊದಬಾರದು ಎಂಬ ಒಂದೇ ನಿಯಮ ಹಾಕಿ, ಉಳಿದದ್ದನ್ನು ಮಕ್ಕಳಿಗೇ ಬಿಟ್ಟುಬಿಡಿ. ಒಂದು ಮಧ್ಯಾಹ್ನ ಕಳೆಯುವುದರಲ್ಲಿ ರೆಕ್ಕೆ ಇರಬೇಕಾದದ್ದು ಬುಡದಲ್ಲಿ, ಭಾರ ಇರಬೇಕಾದದ್ದು ಮೂತಿಯಲ್ಲಿ ಎಂದು ಅವರೇ ತೀರ್ಮಾನಕ್ಕೆ ಬಂದಿರುತ್ತಾರೆ.

ಕಾರಣವನ್ನು ದೊಡ್ಡ ಮಕ್ಕಳಿಗೆ ಹೀಗೆ ಬಿಡಿಸಿ ಹೇಳಬಹುದು. ರಾಕೆಟ್ಟನ್ನು ಬೆರಳ ಮೇಲೆ ಅಡ್ಡಡ್ಡ ಇಟ್ಟಾಗ ಎಲ್ಲಿ ಸಮತೂಕವಾಗುತ್ತದೆಯೋ ಅದು ಗುರುತ್ವ ಕೇಂದ್ರ. ಗಾಳಿಯಲ್ಲಿ ತಿರುಗುವಾಗ ರಾಕೆಟ್ ತಿರುಗುವುದು ಆ ಬಿಂದುವಿನ ಸುತ್ತ. ಗಾಳಿಯ ಒಟ್ಟು ತಳ್ಳುವಿಕೆ ಬೀಳುವ ಜಾಗ ಬೇರೆ, ಅದು ಒತ್ತಡ ಕೇಂದ್ರ. ಒತ್ತಡ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೆ ರಾಕೆಟ್ ಸ್ವಲ್ಪ ವಾಲಿದರೂ ಗಾಳಿಯೇ ಬಾಲವನ್ನು ತಳ್ಳಿ ಸರಿಮಾಡುತ್ತದೆ. ಮುಂದಿದ್ದರೆ ವಾಲಿದ್ದು ಇನ್ನಷ್ಟು ವಾಲುತ್ತದೆ. ಎರಡರ ನಡುವೆ ಕಡೇಪಕ್ಷ ರಾಕೆಟ್ಟಿನ ದಪ್ಪದಷ್ಟಾದರೂ ಅಂತರವಿರಲಿ ಎಂಬುದು ಮಾದರಿ ರಾಕೆಟ್ ಮಾಡುವವರೆಲ್ಲ ಪಾಲಿಸುವ ಲೆಕ್ಕ. ಒತ್ತಡ ಕೇಂದ್ರ ಹುಡುಕುವುದಕ್ಕೂ ಒಂದು ಸುಲಭದ ಉಪಾಯವಿದೆ. ರಾಕೆಟ್ಟನ್ನು ರಟ್ಟಿನ ಮೇಲೆ ಮಲಗಿಸಿ ರೆಕ್ಕೆ ಸಮೇತ ಅದರ ಆಕಾರ ಗೀಚಿ, ಕತ್ತರಿಸಿ, ಆ ರಟ್ಟನ್ನು ಬೆರಳ ಮೇಲೆ ತೂಗಿ. ಅದು ಸಮತೂಕವಾದ ಜಾಗವೇ ಹೆಚ್ಚುಕಡಿಮೆ ಒತ್ತಡ ಕೇಂದ್ರ. ಹಾರಿಸುವ ಮೊದಲು ಪರೀಕ್ಷೆ ಮಾಡಬೇಕಿದ್ದರೆ ಗುರುತ್ವ ಕೇಂದ್ರಕ್ಕೆ ಒಂದೂವರೆ ಮೀಟರ್ ದಾರ ಕಟ್ಟಿ ತಲೆಯ ಸುತ್ತ ಬೀಸಿ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ಪಾಸು. ಅಡ್ಡಾದಿಡ್ಡಿಯಾದರೆ ರೆಕ್ಕೆ ದೊಡ್ಡದು ಮಾಡಬೇಕು, ಇಲ್ಲವೇ ಮೂತಿಗೆ ಭಾರ ಹಾಕಬೇಕು.

ಇಷ್ಟಾದ ಮೇಲೆ ದೀಪಾವಳಿ ರಾಕೆಟ್ಟಿಗೆ ಕಡ್ಡಿ ಯಾಕೆ ಎಂದು ಕೇಳಿ. ಅದಕ್ಕೆ ರೆಕ್ಕೆ ಇಲ್ಲ, ರೆಕ್ಕೆಯ ಕೆಲಸವನ್ನು ಉದ್ದ ಕಡ್ಡಿ ಮಾಡುತ್ತದೆ. ಹೈದರಾಲಿ, ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳಿಗೂ ಇದೇ ಏರ್ಪಾಡು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು. ಆ ಕಾಲದ ಬೇರೆ ಕಡೆಯ ರಾಕೆಟ್‌ಗಳ ಮೈ ಕಾಗದದ್ದೋ ರಟ್ಟಿನದೋ ಆಗಿದ್ದಾಗ ಮೈಸೂರಿನವು ಕಬ್ಬಿಣದವು. ಕಬ್ಬಿಣ ಒಳಗಿನ ಒತ್ತಡವನ್ನು ಹೆಚ್ಚು ತಡೆಯುತ್ತದೆ, ಒತ್ತಡ ಹೆಚ್ಚಿದಷ್ಟೂ ಅನಿಲ ರಭಸದಿಂದ ಹೊರಬರುತ್ತದೆ, ರಾಕೆಟ್ ದೂರ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿಸಿದ ಆ ರಾಕೆಟ್‌ಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಾವಿಯೊಂದರ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್‌ಗಳು ಸಿಕ್ಕವು. ಮಲೆನಾಡಿನ ಕಡೆಯ ಮೇಷ್ಟ್ರುಗಳು ಮಕ್ಕಳನ್ನು ಜೋಗಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ ಈ ಮಾತು ಎತ್ತಬಹುದು. ಮೈ ಗಟ್ಟಿಯಿದ್ದಷ್ಟೂ ಒತ್ತಡ ತಡೆಯುತ್ತದೆ ಎಂಬುದು ಮುಂದೆ ಬಾಟಲಿ ಆರಿಸುವಾಗ ಬೇಕಾಗುತ್ತದೆ.

ರಾಕೆಟ್ ಮುಂದೆ ಹೋಗುವುದು ಹೇಗೆ ಎಂದು ಏಳನೇ ತರಗತಿಯ ಹತ್ತು ಮಕ್ಕಳನ್ನು ಕೇಳಿ ನೋಡಿ. ಬೆಂಕಿ ನೆಲವನ್ನು ತಳ್ಳುತ್ತದೆ, ಗಾಳಿಯನ್ನು ತಳ್ಳುತ್ತದೆ ಎನ್ನುವವರೇ ಹೆಚ್ಚು ಸಿಗುತ್ತಾರೆ. ಹಾಗೆ ಹೇಳಿದ ಮಗುವನ್ನು ಗದರಬೇಡಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 1920ರ ಜನವರಿಯಲ್ಲಿ ಇದೇ ತಪ್ಪು ಮಾಡಿತ್ತು. ರಾಕೆಟ್ಟಿನಲ್ಲಿ ಚಂದ್ರನವರೆಗೂ ಹೋಗಬಹುದು ಎಂದಿದ್ದ ರಾಬರ್ಟ್ ಗೊಡಾರ್ಡ್ ಅವರನ್ನು, ತಳ್ಳಲು ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಹೋದೀತು, ಇವರಿಗೆ ಹೈಸ್ಕೂಲ್ ಪಾಠವೂ ಗೊತ್ತಿಲ್ಲ ಎಂಬರ್ಥದಲ್ಲಿ ಸಂಪಾದಕೀಯ ಹಂಗಿಸಿತ್ತು. ಗೊಡಾರ್ಡ್ 1926ರ ಮಾರ್ಚ್ 16ರಂದು ಜಗತ್ತಿನ ಮೊದಲ ದ್ರವ ಇಂಧನ ರಾಕೆಟ್ ಹಾರಿಸಿದರು. ಹಾರಿದ್ದು ಎರಡೂವರೆ ಸೆಕೆಂಡು, ಏರಿದ್ದು ಸುಮಾರು 12 ಮೀಟರ್. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೊ-11 ಚಂದ್ರನ ಕಡೆ ಹೊರಟ ಮರುದಿನ. ಅಷ್ಟರಲ್ಲಿ ಗೊಡಾರ್ಡ್ ತೀರಿಕೊಂಡು ಹತ್ತಿರಹತ್ತಿರ 24 ವರ್ಷ ಕಳೆದಿತ್ತು.

ಗಾಳಿಯನ್ನಾಗಲಿ ನೆಲವನ್ನಾಗಲಿ ತಳ್ಳಬೇಕಾಗಿಲ್ಲ ಎಂದು ತೋರಿಸಲು ಚಕ್ರವಿರುವ ಆಫೀಸು ಕುರ್ಚಿ ಸಾಕು. ಮಗುವನ್ನು ಕೂರಿಸಿ, ಕಾಲು ನೆಲಕ್ಕೆ ತಾಗದಂತೆ ಮೇಲೆತ್ತಿಸಿ, ಪುಸ್ತಕ ತುಂಬಿದ ಶಾಲೆ ಚೀಲವನ್ನು ಮುಂದಕ್ಕೆ ಎಸೆಯಲು ಹೇಳಿ. ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಭಾರದ ಚೀಲ ಎಸೆದರೆ ಹೆಚ್ಚು, ಖಾಲಿ ಚೀಲ ಎಸೆದರೆ ಕಡಿಮೆ. ಜೋರಾಗಿ ಎಸೆದರೆ ಹೆಚ್ಚು, ಮೆಲ್ಲಗೆ ಎಸೆದರೆ ಕಡಿಮೆ. ರಾಕೆಟ್ ಮಾಡುವುದೂ ಇದನ್ನೇ. ತನ್ನೊಳಗಿನ ವಸ್ತುವನ್ನು ಒಂದು ದಿಕ್ಕಿಗೆ ರಭಸದಿಂದ ಎಸೆದು ತಾನು ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಎಷ್ಟು ಭಾರ ಎಸೆಯುತ್ತೇವೆ, ಎಷ್ಟು ವೇಗದಲ್ಲಿ ಎಸೆಯುತ್ತೇವೆ ಎಂಬ ಎರಡು ಪ್ರಶ್ನೆಗಳ ಸುತ್ತಲೇ ರಾಕೆಟ್ ವಿಜ್ಞಾನ ಸುತ್ತುತ್ತದೆ. ದಾರಕ್ಕೆ ಸ್ಟ್ರಾ ಪೋಣಿಸಿ ಬಲೂನು ಅಂಟಿಸಿ ಬಿಡುವ ಆಟವನ್ನೂ ಆಡಿಸಬಹುದು. ಅದು ಎಲ್ಲ ಪಠ್ಯಪುಸ್ತಕದಲ್ಲೂ ಇರುವುದರಿಂದ ಮತ್ತೆ ವಿವರಿಸುವುದಿಲ್ಲ.

ಇನ್ನು ನೀರಿನ ರಾಕೆಟ್. ಇದೊಂದನ್ನೇ ಮಾಡಿದರೂ ಸಾಕು, ವರ್ಷದ ಪಾಠ ಇದರಲ್ಲಿದೆ. ಮೊದಲು ಬಾಟಲಿ. ಸೋಡಾ, ಕೋಲಾ ಥರದ ಗ್ಯಾಸು ತುಂಬಿದ ಪಾನೀಯದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಒಳಗಿನ ಗ್ಯಾಸಿನ ಒತ್ತಡ ತಡೆಯಲೆಂದೇ ಅವುಗಳ ಮೈಯನ್ನು ಗಟ್ಟಿಯಾಗಿ, ತಳವನ್ನು ಉಬ್ಬುಬ್ಬಾಗಿ ಮಾಡಿರುತ್ತಾರೆ. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಗಾಜಂತೂ ಬೇಡವೇ ಬೇಡ. ಗೀರು ಬಿದ್ದ, ನೆಗ್ಗಿದ, ಬಿಸಿಲಲ್ಲಿ ಒಣಗಿ ಬಿರುಸಾದ ಬಾಟಲಿಯನ್ನೂ ಎಸೆಯಿರಿ. ಬಾಯಿಗೆ ಬಿಗಿಯಾಗಿ ಕೂರುವ ರಬ್ಬರ್ ಬಿರಡೆ ಲ್ಯಾಬಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಅದರ ನಡುವೆ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ ತೂರಿಸಿ. ಬಿರಡೆ ಉದ್ದವಾದರೆ ಕೊಯ್ದು, ಸೂಜಿಯ ತುದಿ ಆಚೆಗೆ ಕಾಣುವಂತೆ ಮಾಡಿಕೊಳ್ಳಿ. ಸೈಕಲ್ ಟ್ಯೂಬಿನ ವಾಲ್ವ್ ಕೂಡ ಹಾಕುತ್ತಾರೆ, ಆದರೆ ನನ್ನ ಮತ ಸೂಜಿಗೆ. ವಾಲ್ವ್ ಒಳಹೋದ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿರಡೆ ಸಿಕ್ಕಿಕೊಂಡರೆ ಒತ್ತಡ ಇಳಿಸುವುದು ಕಷ್ಟ. ಸೂಜಿಯಾದರೆ ದೂರದಲ್ಲೇ ನಿಂತು ಪಂಪಿನ ಪೈಪು ಬಿಚ್ಚಿದರೆ ಗಾಳಿ ತಾನಾಗಿ ಇಳಿದುಹೋಗುತ್ತದೆ. ಪಂಪಿನ ಪೈಪು ಮೂರು ಮೀಟರಾದರೂ ಉದ್ದವಿರಲಿ. ಸೈಕಲ್ ರಿಪೇರಿ ಅಂಗಡಿಯವರಿಗೆ ಹೇಳಿದರೆ ಜೋಡಿಸಿಕೊಡುತ್ತಾರೆ.

ಬಾಟಲಿಯ ಕೊರಳ ಕಡೆ ರಟ್ಟಿನ ಮೂರು ರೆಕ್ಕೆಗಳನ್ನು ಟೇಪಿನಿಂದ ಅಂಟಿಸಿ. ತಲೆಕೆಳಗಾಗಿ ಹಾರುವುದರಿಂದ ಬಾಟಲಿಯ ಬಾಯಿಯೇ ರಾಕೆಟ್ಟಿನ ಬುಡ ಎಂಬುದು ಮಕ್ಕಳಿಗೆ ಮೊದಲು ಗೊಂದಲವಾಗುತ್ತದೆ. ತಳದ ಮೇಲೆ ಕಾಗದದ ಶಂಕು, ಅದರ ಒಳಗೆ ಬಟ್ಟೆ ಚೂರು. ಕಲ್ಲು, ಮೊಳೆ, ನಾಣ್ಯ ಯಾವುದನ್ನೂ ಮೂತಿಗೆ ಹಾಕಬೇಡಿ, ಇಳಿಯುವಾಗ ಅದು ಯಾರದೋ ತಲೆಗೆ ಬೀಳುತ್ತದೆ. ನೀರು ಹಾಕಿ, ಬಿರಡೆ ಒತ್ತಿ, ಮೂರು ಇಟ್ಟಿಗೆಗಳ ನಡುವೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಪಂಪು ಹೊಡೆಯುವುದು ದೊಡ್ಡವರೇ. ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ಹತ್ತು ಹೆಜ್ಜೆ ಹಿಂದೆ. ಪಂಪಿಗೆ ಮಾಪಕವಿದ್ದರೆ 50 ಪಿಎಸ್‌ಐ ದಾಟಿಸಬೇಡಿ. ಸಾಮಾನ್ಯವಾಗಿ ಅಷ್ಟರೊಳಗೇ ಬಿರಡೆ ಕಳಚಿ, ನೀರು ಕೆಳಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ಹೋಗಿರುತ್ತದೆ. ಪಂಪು ಹೊಡೆಯುವವರು ನೆನೆಯುವುದು ಖಾತ್ರಿ, ಮಕ್ಕಳಿಗೆ ಅದೇ ಅರ್ಧ ಸಂತೋಷ. ಹಾರದೆ ನಿಂತರೆ ಯಾರೂ ಬಾಟಲಿಯ ಮೇಲೆ ಬಗ್ಗಿ ನೋಡಬಾರದು. ಮೊದಲು ಪೈಪು ಬಿಚ್ಚಬೇಕು, ಆಮೇಲೆ ಹತ್ತಿರ ಹೋಗಬೇಕು. ಕರೆಂಟು ತಂತಿ, ರಸ್ತೆ, ವಿಮಾನ ನಿಲ್ದಾಣದ ಆಸುಪಾಸು ಈ ಆಟಕ್ಕೆ ಜಾಗವಲ್ಲ.

ಒಮ್ಮೆ ಹಾರಿದ ಮೇಲೆ ಮಕ್ಕಳ ಬೇಡಿಕೆ ಒಂದೇ: ಇನ್ನೂ ಎತ್ತರ ಹೋಗಬೇಕು. ಕಲಿಕೆ ಶುರುವಾಗುವುದು ಇಲ್ಲಿಂದ. ನೀರು ಎಷ್ಟು ಹಾಕಬೇಕು? ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದು ಒಬ್ಬ, ನೀರೇ ಬೇಡ ಹಗುರವಿರಲಿ ಎಂದು ಇನ್ನೊಬ್ಬಳು. ಇಬ್ಬರ ಮಾತನ್ನೂ ಪರೀಕ್ಷೆಗೆ ಹಾಕಿ. ಒಂದು ಲೀಟರ್ ಬಾಟಲಿಗೆ ನೀರಿಲ್ಲದೆ, 100 ಮಿ.ಲೀ., 300 ಮಿ.ಲೀ., 500 ಮಿ.ಲೀ., 800 ಮಿ.ಲೀ. ಹೀಗೆ ಹಾಕಿ ಹಾರಿಸಿ. ಪ್ರತಿ ಸಲವೂ ಅದೇ ಬಾಟಲಿ, ಅದೇ ರೆಕ್ಕೆ, ಬಿರಡೆಯನ್ನು ಅಷ್ಟೇ ಬಿಗಿ ಒತ್ತಬೇಕು. ಬದಲಾಗುವುದು ನೀರು ಮಾತ್ರ. ಮಕ್ಕಳು ಸಾಮಾನ್ಯವಾಗಿ ನೀರನ್ನೂ ರೆಕ್ಕೆಯನ್ನೂ ಒಟ್ಟಿಗೆ ಬದಲಿಸಿ, ಎತ್ತರ ಹೋಗಿದ್ದು ಯಾವುದರಿಂದ ಎಂದು ಜಗಳಕ್ಕಿಳಿಯುತ್ತಾರೆ. ಆ ಜಗಳ ಒಂದು ಸಲ ಆಗಲಿ ಬಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಆಮೇಲೆ ಯಾರೂ ಹೇಳಿಕೊಡದೆ ತಲೆಯಲ್ಲಿ ಕೂರುತ್ತದೆ. ಬಾಟಲಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರಿದ್ದಾಗ ಹೆಚ್ಚು ಎತ್ತರ ಹೋಗುತ್ತದೆ. ನೀರಿಲ್ಲದಿದ್ದರೆ ಎಸೆಯಲು ಭಾರವಿಲ್ಲ, ನೀರು ತುಂಬಿದರೆ ಎಸೆಯುವ ಬಲ ಕೊಡುವ ಗಾಳಿಗೆ ಜಾಗವಿಲ್ಲ. ಇದು ಓದುವವರಾದ ನಿಮಗಾಗಿ ಬರೆದದ್ದು, ಮಕ್ಕಳಿಗೆ ಮುಂಚೆಯೇ ಹೇಳಬೇಡಿ.

ಎತ್ತರ ಅಳೆಯಲು ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ಅದರ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುಬಿಂದುವಿನಿಂದ ದಾರಕ್ಕೆ ಚಿಕ್ಕ ಕಲ್ಲು ಕಟ್ಟಿ ಇಳಿಬಿಡಿ. ಉಡಾವಣೆಯ ಜಾಗದಿಂದ 30 ಮೀಟರ್ ದೂರ ನಿಂತ ಮಗು ರಾಕೆಟ್ ತುದಿಗೇರಿದ ಕ್ಷಣ ಸ್ಟ್ರಾದೊಳಗಿಂದ ಗುರಿಯಿಟ್ಟು ದಾರವನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ದಾರ 90 ಡಿಗ್ರಿಯಿಂದ ಎಷ್ಟು ಸರಿದಿದೆಯೋ ಅದೇ ಏರುಕೋನ. 45 ಡಿಗ್ರಿಯಾದರೆ ರಾಕೆಟ್ಟಿನ ಎತ್ತರ 30 ಮೀಟರ್, ಜೊತೆಗೆ ಮಗುವಿನ ಕಣ್ಣಿನ ಎತ್ತರ. ಬೇರೆ ಕೋನಗಳಿಗೆ ಹತ್ತನೇ ತರಗತಿಯವರು ಟ್ಯಾನ್ ಕೋಷ್ಟಕ ನೋಡುತ್ತಾರೆ. ಚಿಕ್ಕವರು ಗ್ರಾಫ್ ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ ಐದು ಮೀಟರಿನಂತೆ ತ್ರಿಕೋನ ಎಳೆದು ಅಳೆಯಲಿ. ತ್ರಿಕೋನಮಿತಿ ಯಾವುದಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳ ಬಾಯಿ ಅಂದಿಗೆ ಮುಚ್ಚುತ್ತದೆ.

ಇದಕ್ಕೆಲ್ಲ ಒಂದು ನೋಟ್‌ಬುಕ್ ಬೇಕು. ದಿನಾಂಕ, ಗಾಳಿ ಯಾವ ಕಡೆಯಿಂದ, ನೀರು ಎಷ್ಟು, ಕೋನ ಎಷ್ಟು, ಏನಾಯಿತು. ‘ಹಾರಲಿಲ್ಲ’ ಎಂದು ಬರೆದರೆ ಸಾಲದು, ಯಾಕೆ ಹಾರಲಿಲ್ಲ ಎಂಬ ಊಹೆಯನ್ನೂ ಬರೆಯಬೇಕು. ದೊಡ್ಡ ರಾಕೆಟ್‌ಗಳೂ ಹೀಗೇ ಬಿದ್ದು ಎದ್ದವು ಎನ್ನುವುದಕ್ಕೆ ನಮ್ಮ ಎಸ್‌ಎಲ್‌ವಿ-3 ಕಥೆ ಹೇಳಿ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹೊರಟ ಅದು ಐದು ನಿಮಿಷ ಚಿಲ್ಲರೆಯಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಹುಡುಕುತ್ತಾ ಹೋದಾಗ ಸಿಕ್ಕ ಕಾರಣ, ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ವಾಲ್ವ್ ಸರಿಯಾಗಿ ಮುಚ್ಚದೆ ಆಮ್ಲ ಸೋರಿದ್ದು. ಅದನ್ನು ಸರಿಪಡಿಸಿ 1980ರ ಜುಲೈ 18ರಂದು ಹಾರಿಸಿದಾಗ ಅದೇ ಬಗೆಯ ರಾಕೆಟ್ 35 ಕಿಲೋದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಲಾಂ ಯೋಜನಾ ನಿರ್ದೇಶಕರಾಗಿದ್ದರು ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಹೇಳಬೇಕಾದದ್ದು ಆ ವಾಲ್ವಿನ ವಿಷಯ.

ಹಾರುವ ಮಾದರಿಗಳ ಪರವಾಗಿ ಇಷ್ಟು ಹೇಳಿದರೂ ನಿಂತಿರುವ ಮಾದರಿ ಬೇಡವೇ ಬೇಡ ಎನ್ನುವುದಿಲ್ಲ. ಅಳತೆಗೆ ಸರಿಯಾಗಿ ಮಾಡಿದರೆ ಅದೂ ಕಲಿಸುತ್ತದೆ. ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟಿನ ಎತ್ತರ 43.5 ಮೀಟರ್. ನೂರರಲ್ಲಿ ಒಂದು ಅಳತೆಗೆ ಇಳಿಸಿದರೆ 43.5 ಸೆಂಟಿಮೀಟರ್. ನಡುವಿನ ಮೈಯ ವ್ಯಾಸ 4 ಮೀಟರ್, ಪಕ್ಕದ ಎರಡು ಬೂಸ್ಟರ್‌ಗಳದು 3.2 ಮೀಟರ್, ಮೇಲೆ ಉಪಗ್ರಹವನ್ನು ಮುಚ್ಚುವ ಶಾಖಕವಚದ್ದು 5 ಮೀಟರ್. ನಮ್ಮ ಪ್ಲಂಬಿಂಗ್ ಅಂಗಡಿಗಳಲ್ಲಿ ಸಿಗುವ ಪಿವಿಸಿ ಪೈಪುಗಳ ಹೊರವ್ಯಾಸ 32, 40, 50 ಮಿಲಿಮೀಟರ್. ನೂರನೇ ಒಂದು ಅಳತೆಗೆ ಇದಕ್ಕಿಂತ ಒಳ್ಳೆಯ ಅಚ್ಚು ಎಲ್ಲಿ ಸಿಗುತ್ತದೆ? ಪ್ಲಂಬರ್ ಬಿಟ್ಟುಹೋದ ತುಂಡುಗಳನ್ನು ಕೇಳಿ ತನ್ನಿ. ಪೈಪಿಗೆ ಮೊದಲು ಒಂದು ಸುತ್ತು ನ್ಯೂಸ್‌ಪೇಪರ್ ಸುತ್ತಿದರೆ ಗೋಂದು ಪೈಪಿಗೆ ಹಿಡಿಯುವುದಿಲ್ಲ. ಅದರ ಮೇಲೆ ಡ್ರಾಯಿಂಗ್ ಶೀಟ್ ಸುತ್ತಿ, ಅಂಟಿಸಿ, ಒಣಗಿದ ಮೇಲೆ ಜಾರಿಸಿ ತೆಗೆಯಿರಿ. ಕಾಗದ ಎಷ್ಟು ಅಗಲ ಕತ್ತರಿಸಬೇಕೆಂದು ಮಗುವೇ ಲೆಕ್ಕ ಹಾಕಲಿ: 4 ಸೆಂ.ಮೀ. ವ್ಯಾಸಕ್ಕೆ ಸುತ್ತಳತೆ ಸುಮಾರು 12.6, ಅಂಟಿಗೆ ಒಂದು ಸೇರಿಸಿ 13.6. ಪಕ್ಕದ ಬೂಸ್ಟರ್‌ಗಳ ಉದ್ದ ಸುಮಾರು 26 ಸೆಂ.ಮೀ. ಇರಲಿ. ಅವುಗಳ ಶಂಕುವಿನ ಮೂತಿಗೆ ಅರ್ಧವೃತ್ತ ಕತ್ತರಿಸಿ. ಅರ್ಧವೃತ್ತದ ತ್ರಿಜ್ಯ ಕೊಳವೆಯ ವ್ಯಾಸದಷ್ಟೇ ಇದ್ದರೆ ಶಂಕು ಸರಿಯಾಗಿ ಕೂರುತ್ತದೆ. ಯಾಕೆ ಎಂದು ಎಂಟನೇ ತರಗತಿಯವರನ್ನು ಕೇಳಿ, ಉತ್ತರ ಅವರ ಗಣಿತದಲ್ಲೇ ಇದೆ.

ಬೆಂಕಿ ಬಣ್ಣ ಬಳಿಯುವಾಗ ಒಂದು ಎಚ್ಚರ. ಪ್ರದರ್ಶನಗಳಲ್ಲಿ ಎಲ್‌ವಿಎಂ-3 ಮಾದರಿಯ ಮೂರೂ ಕೊಳವೆಗಳ ಕೆಳಗೆ ಕೆಂಪು ಕಾಗದ ನೇತಾಡುತ್ತಿರುತ್ತದೆ. ನೆಲ ಬಿಡುವಾಗ ಉರಿಯುವುದು ಪಕ್ಕದ ಎರಡು ಘನ ಇಂಧನ ಬೂಸ್ಟರ್‌ಗಳು ಮಾತ್ರ. ನಡುವಿನ ದ್ರವ ಇಂಧನದ ಎಂಜಿನ್‌ಗಳು ಹೊತ್ತಿಕೊಳ್ಳುವುದು ಸುಮಾರು ಎರಡು ನಿಮಿಷದ ಹೊತ್ತಿಗೆ, ಆಕಾಶದಲ್ಲಿ. ಇನ್ನೊಂದು, ಅದಕ್ಕೆ ಬಾಲರೆಕ್ಕೆ ಅಂಟಿಸಬೇಡಿ, ನಿಜವಾದದ್ದಕ್ಕೆ ಇಲ್ಲ. ಸ್ಟ್ರಾ ರಾಕೆಟ್ಟಿಗೆ ಬೇಕಾದ ರೆಕ್ಕೆ ಇದಕ್ಕೆ ಯಾಕೆ ಬೇಡ? ಇದು ತನ್ನ ನಳಿಕೆಯನ್ನೇ ಅತ್ತಿತ್ತ ವಾಲಿಸಿ ದಿಕ್ಕು ಸರಿಮಾಡಿಕೊಳ್ಳುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿ ಬೀಳದಂತೆ ಕೈ ಆಡಿಸಲು ಮಕ್ಕಳಿಗೆ ಹೇಳಿ, ರಾಕೆಟ್ಟಿನ ಗಣಕಯಂತ್ರ ಅಲ್ಲಿ ಏನು ಮಾಡುತ್ತಿರುತ್ತದೆ ಎಂದು ತಿಳಿಯುತ್ತದೆ.

ಮಾದರಿ ಸಿದ್ಧವಾದ ಮೇಲೆ ಅಡುಗೆಮನೆಯ ತಕ್ಕಡಿ ತನ್ನಿ. ಉದ್ದ ನೂರನೇ ಒಂದಕ್ಕೆ ಇಳಿದರೆ ಗಾತ್ರ ಹತ್ತು ಲಕ್ಷದಲ್ಲಿ ಒಂದಾಗುತ್ತದೆ. ಎಲ್‌ವಿಎಂ-3 ಹೊರಡುವಾಗಿನ ತೂಕ ಸುಮಾರು 640 ಟನ್, ಅಂದರೆ ನಮ್ಮ ಅಳತೆಯಲ್ಲಿ 640 ಗ್ರಾಂ. ಅಷ್ಟು ಅಕ್ಕಿಯನ್ನು ತಟ್ಟೆಯಲ್ಲಿ ಸುರಿಯಿರಿ. ಚಂದ್ರಯಾನ-3ರ ತೂಕ 3,900 ಕಿಲೋ ಚಿಲ್ಲರೆ. ನಮ್ಮ ಅಳತೆಯಲ್ಲಿ ನಾಲ್ಕು ಗ್ರಾಂ, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯ. ಅಕ್ಕಿ ರಾಶಿಯ ಪಕ್ಕದಲ್ಲಿ ಆ ನಾಣ್ಯ ಇಡಿ. ಆ ನಾಣ್ಯವನ್ನು ಕಳಿಸಲು ಇಷ್ಟು ಅಕ್ಕಿ, ಅದರಲ್ಲಿ ಬಹುಪಾಲು ಬರೀ ಇಂಧನ. ರಾಕೆಟ್ ಯಾಕೆ ಹಂತಹಂತವಾಗಿ ತನ್ನ ಖಾಲಿ ಮೈಯನ್ನು ಕಳಚಿ ಬಿಸಾಡುತ್ತಾ ಹೋಗುತ್ತದೆ ಎಂಬುದನ್ನು ಇದಾದ ಮೇಲೆ ವಿವರಿಸುವುದು ಸುಲಭ. ಖಾಲಿ ಡಬ್ಬವನ್ನು ಹೊತ್ತು ಓಡುವುದಕ್ಕೂ ಇಂಧನ ಬೇಕಲ್ಲ.

ಈಗ ದೊಡ್ಡವರೂ ತಪ್ಪು ತಿಳಿದಿರುವ ಒಂದು ಸಂಗತಿ. ಬಾಹ್ಯಾಕಾಶ ಎಂದರೆ ತುಂಬಾ ಮೇಲೆ, ಅಲ್ಲಿ ಗುರುತ್ವವಿಲ್ಲ, ಅದಕ್ಕೇ ಗಗನಯಾತ್ರಿಗಳು ತೇಲುತ್ತಾರೆ ಎಂದುಕೊಂಡಿದ್ದೇವೆ. ಒಂದು ಫುಟ್‌ಬಾಲ್ ತೆಗೆದುಕೊಳ್ಳಿ, ವ್ಯಾಸ ಸುಮಾರು 22 ಸೆಂ.ಮೀ. ಅದು ಭೂಮಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿಲೋಮೀಟರ್ ಎತ್ತರವನ್ನು ಗುರುತಿಸಲು ಮಕ್ಕಳಿಗೆ ಹೇಳಿ. ಒಬ್ಬರು ಕೈಚಾಚಿ ತೋರಿಸುತ್ತಾರೆ, ಇನ್ನೊಬ್ಬರು ಕೋಣೆಯ ಮೂಲೆಗೆ ಓಡುತ್ತಾರೆ. ನಿಜವಾದ ಉತ್ತರ ಚೆಂಡಿನ ಮೈಯಿಂದ ಏಳು ಮಿಲಿಮೀಟರ್, ಕಿರುಬೆರಳಿನ ಅಗಲಕ್ಕಿಂತ ಕಡಿಮೆ. ಟಿವಿಗೆ, ಹವಾಮಾನಕ್ಕೆ ಬಳಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ, ಚೆಂಡಿನಿಂದ 62 ಸೆಂ.ಮೀ. ಚಂದ್ರ ಆರು ಸೆಂ.ಮೀ. ಉಂಡೆ, ಇರುವುದು ಆರೂವರೆ ಮೀಟರ್ ದೂರದಲ್ಲಿ, ಬಹುಶಃ ಪಕ್ಕದ ಕೋಣೆಯಲ್ಲಿ.

ಏಳು ಮಿಲಿಮೀಟರ್ ದೂರದಲ್ಲಿ ಗುರುತ್ವ ಇಲ್ಲವಾಗುತ್ತದೆಯೇ ಎಂದು ಕೇಳಿದರೆ ಮಕ್ಕಳು ತಾವಾಗಿಯೇ ಇಲ್ಲ ಎನ್ನುತ್ತಾರೆ. ಅಲ್ಲಿಯ ಗುರುತ್ವ ನೆಲದ ಮೇಲಿನದರ ಸುಮಾರು ಶೇ. 90ರಷ್ಟು ಇದ್ದೇ ಇದೆ. ಮತ್ತೆ ನಿಲ್ದಾಣ ಬೀಳುವುದಿಲ್ಲವೇಕೆ? ಬೀಳುತ್ತಲೇ ಇದೆ. ಆದರೆ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಅಡ್ಡಕ್ಕೆ ಓಡುತ್ತಾ ಬೀಳುತ್ತಿದೆ, ಅಂದರೆ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡಿನೊಳಗೆ. ಅದು ಬೀಳುವಷ್ಟೇ ಭೂಮಿಯೂ ಕೆಳಗೆ ಬಾಗಿಕೊಂಡು ಹೋಗುತ್ತದೆ, ನೆಲ ಮುಟ್ಟುವುದೇ ಇಲ್ಲ. ಆದ್ದರಿಂದ ರಾಕೆಟ್ಟಿನ ದೊಡ್ಡ ಕೆಲಸ ಮೇಲೇರುವುದಲ್ಲ, ಅಡ್ಡ ವೇಗ ಗಳಿಸುವುದು. ಟಿವಿಯಲ್ಲಿ ಉಡಾವಣೆ ನೋಡುವಾಗ ರಾಕೆಟ್ ಸ್ವಲ್ಪ ಹೊತ್ತಿನಲ್ಲೇ ಸಮುದ್ರದ ಕಡೆ ವಾಲುವುದನ್ನು ತೋರಿಸಿ, ಅದು ದಾರಿ ತಪ್ಪಿದ್ದಲ್ಲ.

ತೇಲುವುದು ಯಾಕೆ ಎಂಬುದಕ್ಕೆ ಬಾಟಲಿಯ ಪ್ರಯೋಗ ಮಾಡಿ. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಮಾಡಿ ನೀರು ತುಂಬಿ, ಮುಚ್ಚಳ ತೆಗೆದಿಡಿ, ನೀರು ಚಿಮ್ಮುತ್ತದೆ. ಸ್ಟೂಲಿನ ಮೇಲೆ ನಿಂತು ಬಾಟಲಿಯನ್ನು ಕೈಬಿಡಿ. ಬೀಳುತ್ತಿರುವಷ್ಟು ಹೊತ್ತೂ ನೀರು ಚಿಮ್ಮುವುದಿಲ್ಲ. ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುವಾಗ ನೀರು ಬಾಟಲಿಯನ್ನು ಒತ್ತುವುದಿಲ್ಲ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದರೆ ಸ್ಪಷ್ಟವಾಗಿ ಕಾಣುತ್ತದೆ. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಅವರೂ ನಿಲ್ದಾಣವೂ ಒಟ್ಟಿಗೆ ಹೀಗೇ ಬೀಳುತ್ತಿದ್ದರು.

ಏರುವುದರಷ್ಟೇ ಇಳಿಯುವುದೂ ಕಷ್ಟ. ಇದಕ್ಕೆ ಲ್ಯಾಂಡರ್ ಆಟ. ಮೊದಲ ಮಹಡಿಯಿಂದ ಬೀಳಿಸಿದರೂ ಒಳಗಿರುವುದು ಒಡೆಯಬಾರದು. ಹೊರದೇಶದ ಪುಸ್ತಕಗಳಲ್ಲಿ ಇದಕ್ಕೆ ಮೊಟ್ಟೆ ಇಡಿಸುತ್ತಾರೆ. ಮೊಟ್ಟೆ ತರದ ಮನೆಯಲ್ಲಿ ಕರಿದ ಹಪ್ಪಳ ಇಡಿ, ಅದೂ ಕಠಿಣ ಪರೀಕ್ಷೆಯೇ. ಸ್ಟ್ರಾ, ರಟ್ಟು, ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ಕವರು ಕೊಟ್ಟು ಮಕ್ಕಳನ್ನು ಗುಂಪು ಮಾಡಿ ಬಿಡಿ. ಕೆಲವರು ಮಡಚುವ ಕಾಲು ಮಾಡುತ್ತಾರೆ, ಕೆಲವರು ಪ್ಯಾರಾಚೂಟ್ ಕಟ್ಟುತ್ತಾರೆ. ಪ್ಯಾರಾಚೂಟ್ ತೂಗಾಡಿದರೆ ನೆತ್ತಿಯಲ್ಲಿ ಚಿಕ್ಕ ತೂತು ಮಾಡಲು ಹೇಳಿ. ಆಟ ಮುಗಿದ ಮೇಲೆ ಪ್ರಶ್ನೆ: ಇದೇ ಪ್ಯಾರಾಚೂಟ್ ಚಂದ್ರನಲ್ಲಿ ಕೆಲಸ ಮಾಡುತ್ತದೆಯೇ? ಗಾಳಿಯಿಲ್ಲದ ಕಡೆ ಪ್ಯಾರಾಚೂಟ್ ಬರೀ ಬಟ್ಟೆ. ಅದಕ್ಕೇ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಎಂಜಿನ್ ಉರಿಸಿಕೊಂಡೇ ಇಳಿಯಬೇಕಾಯಿತು. ಅದರ ಸಂವೇದಕಗಳು ಹಳ್ಳದಿಣ್ಣೆ ಗುರುತಿಸುತ್ತವೆಯೇ ಎಂದು ನೋಡಲು ಇಸ್ರೊ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಚಂದ್ರನ ಮೇಲಿರುವಂಥ ಕುಳಿಗಳನ್ನೇ ತೋಡಿ ಪರೀಕ್ಷೆ ನಡೆಸಿತ್ತು. ಇದೂ ಮಾದರಿಯೇ, ದೊಡ್ಡವರು ಮಾಡಿದ್ದು ಅಷ್ಟೇ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದ ಮೇಲೆ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿಕೊಂಡೇ ಮುಂದಿನದನ್ನು ಕಟ್ಟಿದರು. 2023ರ ಆಗಸ್ಟ್ 23ರಂದು ಅದು ಇಳಿಯಿತು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಪಟಾಕಿ ಬಿಚ್ಚಿ ಮದ್ದು ತೆಗೆಯುವುದು, ಬೆಂಕಿಕಡ್ಡಿಯ ತಲೆ ಕೆರೆದು ತುಂಬುವುದು, ಸಕ್ಕರೆಗೆ ಗೊಬ್ಬರದ ರಾಸಾಯನಿಕ ಬೆರೆಸಿ ಒಲೆಯ ಮೇಲಿಡುವುದು, ಇವನ್ನು ಕಲಿಸುವ ವಿಡಿಯೊಗಳು ಹೈಸ್ಕೂಲ್ ಹುಡುಗರ ಮೊಬೈಲಿನಲ್ಲಿ ಧಾರಾಳವಾಗಿವೆ. ಬೆರಳು, ಕಣ್ಣು ಹೋಗುವುದು ಇವುಗಳಿಂದ. ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ ಕೂಡ. ಸುಮ್ಮನೆ ಬೈದರೆ ಕದ್ದು ಮಾಡುತ್ತಾರೆ. ನೀರಿನ ರಾಕೆಟ್ಟಿನಲ್ಲೇ ಪ್ಯಾರಾಚೂಟ್ ಬಿಚ್ಚಿಕೊಳ್ಳುವಂತೆ ಮಾಡು, ಎರಡು ಬಾಟಲಿ ಜೋಡಿಸಿ ಎರಡು ಹಂತ ಮಾಡು ಎಂದು ಸವಾಲು ಹಾಕಿ. ಒಂದು ಬೇಸಿಗೆ ರಜೆಗೆ ಸಾಲುವಷ್ಟು ಕೆಲಸ ಅದು.

ಆಸಕ್ತಿ ಹತ್ತಿದ ಮಕ್ಕಳನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ, ಮಂಗಳೂರಿನ ಪಿಲಿಕುಳ ತಾರಾಲಯಕ್ಕೆ ಕರೆದೊಯ್ಯಬಹುದು. ಶ್ರೀಹರಿಕೋಟಾದಲ್ಲಿ ಉಡಾವಣೆಯನ್ನು ಕಣ್ಣಾರೆ ನೋಡಲು ಸಾರ್ವಜನಿಕರಿಗೆ ಗ್ಯಾಲರಿ ಇದೆ, ಮುಂಚಿತವಾಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಒಂಬತ್ತನೇ ತರಗತಿಯವರಿಗಾಗಿ ಇಸ್ರೊ 2019ರಿಂದ ಯುವಿಕಾ ಎಂಬ ಶಿಬಿರ ನಡೆಸುತ್ತಿದೆ; ಆಯ್ಕೆಯಲ್ಲಿ ಗ್ರಾಮೀಣ ಮಕ್ಕಳಿಗೆ ಆದ್ಯತೆಯಿದೆ. ಪೀಣ್ಯದ ಕಡೆ ಹೋದಾಗ ಅಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲೇ ಉಡುಪಿ ಜಿಲ್ಲೆ ಅದಮಾರಿನ ಯು.ಆರ್. ರಾವ್ ಮತ್ತವರ ತಂಡ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಎಂದು ಹೇಳಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹೊತ್ತೊಯ್ದಿತು.

ಶಾಲೆಗಳಿಗೆ ಕಡೆಯದಾಗಿ ಒಂದು ಕೋರಿಕೆ. ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆವತ್ತು ಭಾಷಣಗಳನ್ನು ಒಂದಕ್ಕೆ ಇಳಿಸಿ ಮೈದಾನಕ್ಕೆ ಪಂಪು, ಬಾಟಲಿ ತನ್ನಿ. ವಿಜ್ಞಾನ ಪ್ರದರ್ಶನದ ತೀರ್ಪುಗಾರರು ಮಾದರಿಗಿಂತ ಮೊದಲು ಮಗುವಿನ ನೋಟ್‌ಬುಕ್ ಕೇಳಿ, ಅರ್ಧದಷ್ಟು ಅಂಕ ಅದಕ್ಕಿಡಲಿ. ಆಗಸ್ಟಿನಲ್ಲಿ ಮಲೆನಾಡು, ಕರಾವಳಿಯಲ್ಲಿ ಮಳೆಗಾಳಿ ಜೋರಿರುತ್ತದೆ; ಅಲ್ಲಿಯವರು ಹಾರಿಸುವುದನ್ನು ಒಂದೆರಡು ತಿಂಗಳು ಮುಂದೂಡಿದರೂ ನಡೆಯುತ್ತದೆ.